ಏಳು ಕೋಟಿಯ ಸರ್ಟಿಫಿಕೇಟು – ಕಂತು ೧೧

“ಅಕ್ಷರ ತಪ್ಪಿಲ್ಲವ್ವಾ. ಓದಿದ ನೀವ ತಪ್ಪೀರಿ.”

ಹಾಗೆಂದು ಸಾವಿತ್ರವ್ವ ಚೀಟಿಯನ್ನು ಸಂಘಮಿತ್ರಾಳ ಕೈಯಿಂದ ಕಿತ್ತುಕೊಂಡಳು. ಹುಕ್ಕೇರಿಯ ಆ ಮನೆಯ ಪಡಸಾಲೆಯಲ್ಲಿ, ಮಂಚದ ಮೇಲೆ ಅವಳ ಗಂಡ ಶಿದ್ಲಿಂಗಪ್ಪ ಮಾಸ್ತರು ಮಲಗಿದ್ದರು. ಹದಿನೈದು ದಿನದ ಹಿಂದೆ ಲಕ್ವಾ ಹೊಡೆದು ಬಲಗೈಯೂ ಮಾತೂ ಒಟ್ಟಿಗೇ ಹೋಗಿದ್ದವು. ಎಡಗೈಯಲ್ಲಿ ಒದ್ದಾಡಿ ಅವರು ಬರೆದದ್ದು ಒಂದೇ ಸಾಲು: ‘ಮೂಳ ಸಂಖ್ಯಾ ಅಷ್ಟ ಖರೆ.’

ಎಡಗೈ ಬರಹ, ‘ಲ’ ಹೋಗಿ ‘ಳ’ ಆಗಿದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಮೂಲ ಸಂಖ್ಯೆ ಅಷ್ಟೇ ಖರೆ. ಅಂದರೆ ಎಲ್ಲೋ ಒಂದು ಮೂಲ ರಜಿಸ್ಟರ್ ಅಡಗಿದೆ, ಅದು ಸಿಕ್ಕರೆ ಖೋಟಾ ಸರ್ಟಿಫಿಕೇಟಿನ ಕೇಸು ಮುಗಿಯಿತು. ಆ ಮೂಲದ ಬೆನ್ನು ಹತ್ತಿ ಸಂಘಮಿತ್ರಾ ಗೋಕಾಕದಿಂದ ಹುಕ್ಕೇರಿಗೆ ಮೂರು ಸಲ ಸ್ಕೂಟಿ ಓಡಿಸಿದ್ದಳು. ಟ್ರಂಕು ಇಳಿಸಿದ್ದಾಯಿತು, ಅಟ್ಟ ಜಾಲಾಡಿದ್ದಾಯಿತು, ಸಿಕ್ಕದ್ದು ಧೂಳು ಮತ್ತು ಎರಡು ದಿನದ ನೆಗಡಿ.

“ಹಂಗಾರ ಮೂಳ ಅಂದ್ರ ಏನ್ರಿ ಸಾವಿತ್ರಕ್ಕಾ?”

“ಎರಡು, ಮೂರು, ಐದು, ಏಳು, ಹನ್ನೊಂದು. ಒಂದು ಮತ್ತ ತಾನು ಬಿಟ್ರ ಯಾವುದರಿಂದನೂ ಭಾಗ ಹೋಗದ್ದು. ನಾವಿಬ್ಬರೂ ಗಡಹಿಂಗ್ಲಜದಾಗ ಮರಾಠಿ ಸಾಲಿ ಕಲತಾವರು. ಅಲ್ಲಿ ಅದಕ್ಕ ಮೂಳ ಸಂಖ್ಯಾ ಅಂತಾರ. ಇವರು ನಲವತ್ತ ವರ್ಷ ಕನ್ನಡ ಸಾಲ್ಯಾಗ ಕಲಿಸಿದ್ರು ಖರೆ, ಆದ್ರ ಬಾಯಾಗ ಲೆಕ್ಕಾ ಮಾಡೂದೆಲ್ಲಾ ಮರಾಠಿಯೊಳಗ.”

“ಅವಿಭಾಜ್ಯ ಸಂಖ್ಯೆ,” ಎಂದಳು ಸಂಘಮಿತ್ರಾ ನಿಧಾನವಾಗಿ.

ಮಂಚದ ಮೇಲೆ ಮಾಸ್ತರರ ಎಡಗೈ ಹಾಸಿಗೆಯನ್ನು ಎರಡು ಸಲ ಬಡಿಯಿತು. ಕಣ್ಣಲ್ಲಿ ನೀರು ತುಂಬಿತ್ತು. ಹದಿನೈದು ದಿನದಿಂದ ಊರೆಲ್ಲ ತನ್ನ ಮಾತನ್ನು ತಪ್ಪಾಗಿ ಓದುವುದನ್ನು ಮಲಗಿದಲ್ಲೇ ನೋಡಿದ ಮನುಷ್ಯನ ಸಿಟ್ಟು ಅದು.

ಸಂಘಮಿತ್ರಾ ತನ್ನ ತಲೆಗೆ ತಾನೇ ಒಂದು ಮೊಟಕಿಕೊಂಡಳು. ಗೋಕಾಕದ ಪೊಲೀಸ್ ಠಾಣೆಯಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದವಳು, ಹೆಡ್ ಕಾನ್ಸ್‌ಟೇಬಲ್ ಆಗಿ ನಿವೃತ್ತಳಾದವಳು. ಠಾಣೆಯಲ್ಲಿ ಗುನ್ನೆ ನಂಬರು ಒಂದರ ಹಿಂದೆ ಒಂದು ಬರಬೇಕು, ನಡುವೆ ಒಂದು ಬಿಟ್ಟುಹೋದರೆ ರೈಟರ್ ಮನೆಗೆ. ಅದೇ ಚಟದ ಕಣ್ಣಿಂದ ಅವಳು ಮಾಸ್ತರರ ರಜಿಸ್ಟರ್ ನೋಡಿದ್ದಳು. ಸರ್ಟಿಫಿಕೇಟುಗಳ ನಂಬರುಗಳು ಕಪ್ಪೆಯಂತೆ ಕುಪ್ಪಳಿಸುತ್ತಿದ್ದವು. ನಡುವಿನವನ್ನು ಮಾಸ್ತರು ಗುಟ್ಟಾಗಿ ಮಾರಿಕೊಂಡಿರಬೇಕು ಎಂದು ಕಳೆದ ವಾರ ಗಟ್ಟಿಯಾಗಿ ಹೇಳಿಯೂ ಬಿಟ್ಟಿದ್ದಳು, ಇದೇ ಪಡಸಾಲೆಯಲ್ಲಿ, ಇದೇ ಮನುಷ್ಯನಿಗೆ ಕೇಳಿಸುವಂತೆ. ಈಗ ನಾಚಿಕೆಯಿಂದ ಕಿವಿ ಬಿಸಿಯಾದವು.

“ತಪ್ಪಾತ್ರಿ ಮಾಸ್ತರ,” ಎಂದು ಮಂಚದ ಕಾಲು ಮುಟ್ಟಿ, ಸ್ಕೂಟಿಯ ಕೀಲಿ ಎತ್ತಿಕೊಂಡಳು.

ಗಂಟೆ ಹನ್ನೆರಡಾಗಿತ್ತು. ನಾಲ್ಕರೊಳಗೆ ಮೂಡಲಗಿ ಮುಟ್ಟಬೇಕಿತ್ತು.

ನಾಲ್ಕು ಗಂಟೆಯ ಗಡುವು ಕೊಟ್ಟವನು ಪರಪ್ಪ. ಮಾಸ್ತರು ಈ ಮನೆಯಲ್ಲೇ ಹುಟ್ಟುಹಾಕಿದ ಹಿರಣ್ಯಕೇಶಿ ಗಣಿತ ಮಂಡಳಕ್ಕೆ ಅವನು ಕಾರ್ಯದರ್ಶಿ. ಕಲ್ಲೋಳಿಯ ಒಂದು ಖಾಸಗಿ ಶಾಲೆಗೆ ಅವನೇ ಯಜಮಾನ. ಮಂಡಳದ ಪರೀಕ್ಷೆ ಪಾಸಾದ ಸರ್ಟಿಫಿಕೇಟು ಕಂಡರೆ ಮೂರು ತಾಲೂಕಿನ ಶಾಲೆಗಳು ಕಣ್ಣು ಮುಚ್ಚಿ ಗಣಿತದ ಕೆಲಸ ಕೊಡುತ್ತಿದ್ದವು. ಸಂಘಮಿತ್ರಾ ಯಾರ ಪರವಾಗಿ ಓಡಾಡುತ್ತಿದ್ದಳೋ ಆ ಉಜ್ಮಾ ಹಾಗೆ ಕಲ್ಲೋಳಿಯ ಆ ಶಾಲೆಗೆ ಟೀಚರಾಗಿ ಬಂದವಳು. ಮಾಸ್ತರು ಹಾಸಿಗೆ ಹಿಡಿದ ಮೂರನೇ ದಿನ ಅವಳ ಸರ್ಟಿಫಿಕೇಟು ಖೋಟಾ ಎಂದು ಪರಪ್ಪ ಸಾರಿದ. ಇವತ್ತು ನಾಲ್ಕರೊಳಗೆ ಮಾಫಿ ಪತ್ರವೂ ರಾಜೀನಾಮೆಯೂ ಮೇಜಿನ ಮೇಲಿರಬೇಕು, ಇಲ್ಲವಾದರೆ ಪೊಲೀಸ್ ಕಂಪ್ಲೇಂಟು. ಅವಳ ಜಾಗಕ್ಕೆ ಪರಪ್ಪನ ಅಕ್ಕನ ಮಗ ಶುಭಮ್ ಆಗಲೇ ಹೊಸ ಅಂಗಿ ಹೊಲಿಸಿಕೊಂಡು ಕೂತಿದ್ದ.

ಅರಭಾವಿಯ ಬಸ್ ಸ್ಟ್ಯಾಂಡಿನ ಎದುರು ಕಬ್ಬಿನ ಹಾಲಿನ ಗಾಡಿಯ ನೆರಳಿನಲ್ಲಿ ಸಂಘಮಿತ್ರಾ ನಿಂತಳು. ಮೊನ್ನೆ ಪರಪ್ಪನ ಆಫೀಸಿನಲ್ಲಿ ತೆಗೆದ ರಜಿಸ್ಟರಿನ ಮೊದಲ ಪುಟದ ಫೋಟೋ ಮೊಬೈಲಿನಲ್ಲಿತ್ತು. ಅದನ್ನು ದೊಡ್ಡದು ಮಾಡಿ ನೋಡಿದಳು.

ಮಾಸ್ತರರ ನೀಲಿ ಶಾಯಿಯ ದುಂಡು ಅಂಕಿಗಳು: ೧೦೦೦೦೦೧೯. ಕೆಳಗೆ ಎರಡು ಸಾಲು ಖಾಲಿ. ೧೦೦೦೦೦೭೯. ಮತ್ತೆ ಎರಡು ಸಾಲು. ಆಮೇಲೆ ೧೦೦೦೦೧೦೩. ಆದರೆ ಈ ಎರಡನೇ ಖಾಲಿ ಜಾಗದಲ್ಲಿ ಕಪ್ಪು ಜೆಲ್ ಪೆನ್ನಿನಲ್ಲಿ ಎರಡು ನಂಬರು ಒಕ್ಕಲು ಬಂದಿದ್ದವು: ೧೦೦೦೦೦೮೧, ೧೦೦೦೦೦೮೩. ಎರಡನೆಯದರ ಮುಂದೆ ಶುಭಮ್‌ನ ಹೆಸರು.

ಉಜ್ಮಾಳಿಗೆ ಫೋನು ಹಚ್ಚಿದಳು.

“ಉಜ್ಮಾ, ಒಂದು ಕೋಟಿ ಎಪ್ಪತ್ತೊಂಬತ್ತು ಅವಿಭಾಜ್ಯ ಹೌದೋ ಅಲ್ಲೋ ನೋಡ.”

ಆ ಕಡೆಯಿಂದ ಕಂಪ್ಯೂಟರಿನ ಕೀಲಿ ಕುಟ್ಟುವ ಸದ್ದು. “ಹೌದ್ರಿ ಮೌಶಿ.” ಸಂಘಮಿತ್ರಾಳನ್ನು ಅವಳು ಮರಾಠಿ ರೂಢಿಯಂತೆ ಹಾಗೇ ಕರೆಯುತ್ತಿದ್ದಳು, ಚಿಕ್ಕಮ್ಮ ಎಂದು.

“ಒಂದು ಕೋಟಿ ಹತ್ತೊಂಬತ್ತು? ಒಂದು ಕೋಟಿ ನೂರಾ ಮೂರು?”

“ಎರಡೂ ಹೌದ್ರಿ.” ಅವಳ ದನಿ ಬದಲಾಯಿತು. “ಮೌಶಿ, ಎಪ್ಪತ್ತೊಂಬತ್ತು ಆದ ಮ್ಯಾಲ ಬರೂದ ನೂರಾ ಮೂರು. ನಡುವ ಒಂದೂ ಇಲ್ಲ. ಮಾಸ್ತರು ನಂಬರ್ ಬಿಟ್ಟಿಲ್ರಿ. ಪಾಳೀಲೆ ಎಲ್ಲಾ ಅವಿಭಾಜ್ಯ ಕೊಟ್ಟಾರ.”

“ಎಂಬತ್ಮೂರು?”

“ಅದಕ್ಕ ಕಂಪ್ಯೂಟರ್ ಯಾಕ್ರಿ. ಒಂದು, ಎಂಟು, ಮೂರು ಕೂಡಸ್ರಿ. ಹನ್ನೆರಡು. ಮೂರರಿಂದ ಹೋಗತೈತಿ.”

ಸಂಘಮಿತ್ರಾ ಕಬ್ಬಿನ ಹಾಲನ್ನು ಒಂದೇ ಗುಟುಕಿಗೆ ಇಳಿಸಿದಳು. ಯಾರೋ ಖಾಲಿ ಜಾಗ ಕಂಡು ಪ್ಲಾಟು ಹಾಕಿದ್ದರು. ಆ ಜಾಗದಲ್ಲಿ ಮನೆಯೇ ಏಳುವುದಿಲ್ಲ ಎಂಬುದು ಪಾಪ ಅವರಿಗೆ ಗೊತ್ತಿರಲಿಲ್ಲ. ಅವಳಿಗೆ ಖುಷಿಯಾಯಿತು, ಎಷ್ಟು ಖುಷಿಯೆಂದರೆ ಚಿಲ್ಲರೆ ಇಸಿದುಕೊಳ್ಳುವುದನ್ನೂ ಮರೆತು ಸ್ಕೂಟಿ ಹತ್ತಿದಳು.

ಮೂಡಲಗಿಯಲ್ಲಿ ಪರಪ್ಪನ ಆಫೀಸು ಗೊಬ್ಬರದ ಅಂಗಡಿಯ ಮೇಲಿನ ಅಂತಸ್ತಿನಲ್ಲಿತ್ತು. ಸಂಘಮಿತ್ರಾ ಮೆಟ್ಟಿಲು ಹತ್ತಿ ಬಂದಾಗ ಮೂರೂವರೆ. ಉಜ್ಮಾ ಆಗಲೇ ಬಂದು ಮೇಜಿನ ಎದುರು ನೆಟ್ಟಗೆ ಕೂತಿದ್ದಳು. ಬಾಗಿಲ ಬಳಿ ಅವಳ ಅಣ್ಣ ಸೈಫಅಲಿ ಹೆಲ್ಮೆಟ್ಟು ಹಿಡಿದು ನಿಂತಿದ್ದ. ಅವನೂ ಮಂಡಳದ ಸರ್ಟಿಫಿಕೇಟು ಪಡೆದು ಆರು ವರ್ಷದಿಂದ ಗಣಿತ ಕಲಿಸುತ್ತಿದ್ದವನು. ಅಪ್ಪ ತೀರಿಕೊಂಡ ಮೇಲೆ ತನ್ನ ಪಗಾರದಲ್ಲಿ ತಂಗಿಯನ್ನು ಓದಿಸಿದವನು.

“ಬರ್ರಿ ಮೇಡಮ್ಮಾರ. ಚಾ ತರಸ್ಲೇನ್ರಿ?” ಎಂದ ಪರಪ್ಪ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ, ಮಾತಿನಲ್ಲಿ ಬೆಣ್ಣೆ.

“ಚಾ ಆಮ್ಯಾಲ. ಕೆಲಸ ಮೊದಲ.”

“ಕೆಲಸ ಏನ ಉಳದೈತ್ರಿ. ನಾನೇನು ಈ ಉಜ್ಮಾ ಬಾಯಾರ ವೈರಿ ಅಲ್ಲ. ತಪ್ಪಾಗೈತಿ ಅಂತ ಎರಡ ಸಾಲು ಬರದ್ರ ಪೊಲೀಸು ಗಿಲೀಸು ಏನೂ ಬ್ಯಾಡ. ನೀವ ಹೇಳ್ರಿ, ಮಂಡಳ ಸುರು ಆದಾಗಿಂದ ಪಾಸಾದಾವರು ಇನ್ನೂರ ಮಂದಿ ಇಲ್ಲ. ಎಲ್ಲಾ ನಂಬರು ಒಂದು ಕೋಟಿ ಆಜೂಬಾಜೂ ಅದಾವ. ಇವರದು ನೋಡ್ರಿ. ಏಳು ಕೋಟಿ ಮೂವತ್ತೊಂಬತ್ತು ಲಕ್ಷ ಚಿಲ್ಲರ. ಮೂರೂ ತಾಲೂಕಿನ ಕುರಿ ಕೋಳಿ ಹಿಡದು ಎಣಿಸಿದ್ರೂ ಏಳು ಕೋಟಿ ಆಗೂದಿಲ್ಲ.”

ಸರ್ಟಿಫಿಕೇಟು ಮೇಜಿನ ಮೇಲೆ ಹರವಿತ್ತು. ಬಲಗಡೆಯ ಮೇಲಿನ ಮೂಲೆಯಲ್ಲಿ ಮಾಸ್ತರರ ನೀಲಿ ಶಾಯಿ: ೭೩೯೩೯೧೩೩.

ಪಕ್ಕದಲ್ಲಿ ಮಾಫಿ ಪತ್ರಕ್ಕೆಂದು ಕೊಟ್ಟ ಬಿಳಿ ಹಾಳೆ. ಅದರ ಮೇಲೆ ಉಜ್ಮಾ ಬರೆದದ್ದನ್ನು ಸಂಘಮಿತ್ರಾ ಬಗ್ಗಿ ನೋಡಿದಳು. ಅಲ್ಲಿಯೂ ಅದೇ ಎಂಟು ಅಂಕಿ, ಇನ್ನೇನೂ ಇಲ್ಲ. ಹುಡುಗಿಯ ಮೇಲೆ ಅವಳಿಗೆ ಪ್ರೀತಿ ಉಕ್ಕಿತು.

“ಪರಪ್ಪನವರ, ಈ ನಂಬರನ್ನ ಭಾಗಿಸಿ ತೋರಸ್ರಿ. ಯಾವುದರಿಂದಾದರೂ ಆದೀತು. ಪೂರಾ ಭಾಗ ಹೋದ್ರ ಈಗ ಬರಸ್ತೇನಿ ಮಾಫಿ ಪತ್ರ.”

ಪರಪ್ಪ ನಕ್ಕು ಮೊಬೈಲು ತೆಗೆದ. ಮೂರು ಒತ್ತಿದ, ಏಳು ಒತ್ತಿದ, ಹನ್ನೊಂದು ಒತ್ತಿದ. ಪ್ರತಿ ಸಲ ಬಿಂದುವಿನ ಮುಂದೆ ಅಂಕಿಗಳ ಬಾಲ. ಹದಿನೇಳಕ್ಕೆ ಬಂದಾಗ ನಗು ಕಡಿಮೆಯಾಗಿತ್ತು.

“ಸುಮ್ನ ಬೆರಳ ನೋಯಿಸ್ಕೋಬ್ಯಾಡ್ರಿ,” ಎಂದಳು ಉಜ್ಮಾ. “ಮಾಸ್ತರು ಈ ನಂಬರು ಕೊಟ್ಟು, ಇದನ್ನ ಒಡಿಯಾವರು ಯಾರಾದ್ರೂ ಅದಾರೇನು ಹುಡುಕಿ ಬಾ, ಆಮ್ಯಾಲ ಸಹಿ ಮಾಡ್ತೇನಿ ಅಂದ್ರು. ಕಂಪ್ಯೂಟರ್ ಮುಟ್ಟಂಗಿಲ್ಲ. ಎರಡ ತಿಂಗಳ ಸೂಟಿ ಹಾಕೇನ್ರಿ ಅದಕ್ಕ. ಎರಡರಿಂದ ಹಿಡದು ಎಂಟು ಸಾವಿರದ ಐನೂರಾ ತೊಂಬತ್ತೇಳರ ತನಕ ಇರೂ ಅವಿಭಾಜ್ಯ ಎಲ್ಲಾ, ಸಾವಿರದ ಮ್ಯಾಲ ಭಾಗಾಕಾರ. ಒಂದೂ ಹೋಗ್ಲಿಲ್ಲ.”

“ಅದರ ಮುಂದಿನಾವು ಯಾಕ ಬಿಟ್ರಿ?” ಎಂದ ಪರಪ್ಪ.

“ಮುಂದಿಂದು ಎಂಟು ಸಾವಿರದ ಐನೂರಾ ತೊಂಬತ್ತೊಂಬತ್ತು. ಅದನ್ನ ಅದರಿಂದನ ಗುಣಿಸಿದ್ರ ನನ್ನ ನಂಬರಿಗಿಂತ ದೊಡ್ಡದಾಗತೈತಿ. ದೊಡ್ಡದೊಂದು ಇದನ್ನ ಭಾಗಿಸಬೇಕಂದ್ರ ಅದಕ್ಕ ಸಣ್ಣದೊಂದು ಜೋಡಿ ಬೇಕಲ್ರಿ. ಸಣ್ಣಾವನ್ನೆಲ್ಲಾ ನಾ ನೋಡೇನಿ.”

ಸಂಘಮಿತ್ರಾ ಚೀಲದಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟಳು.

“ಮೂಳ ಸಂಖ್ಯಾ. ಮರಾಠಿ ಮಾತು, ಅವಿಭಾಜ್ಯ ಅಂತ ಅರ್ಥ. ಮಾಸ್ತರು ಕೊಟ್ಟ ಎಲ್ಲಾ ನಂಬರೂ ಅವಿಭಾಜ್ಯ. ಅದು ಅವರ ಗುರುತು, ಯಾರಿಗೂ ಹೇಳದ್ದು. ಭಾಗ ಹೋದ ನಂಬರು ಯಾರ ಕಡೆ ಐತಿ, ಖೋಟಾ ಅವರದು. ನಿಮ್ಮ ಅಳಿಯನ ನಂಬರು ಎಂಬತ್ಮೂರಕ್ಕ ಮುಗೀತೈತಿ. ಮೂರರಿಂದ ಹೋಗತೈತಿ ಪರಪ್ಪನವರ, ಹರದು ಹಂಚಿಕೊಳ್ಳಾಕ ಭಾಳ ಸಲೀಸ ಐತಿ.”

ಪರಪ್ಪನ ಮುಖದಲ್ಲಿ ಬೆಣ್ಣೆ ಹೆಪ್ಪುಗಟ್ಟಿತು. ಅವನು ಎದ್ದ. ಮೇಜಿನ ಮೇಲಿನ ಸರ್ಟಿಫಿಕೇಟನ್ನು ಎತ್ತಿ ಬೆಳಕಿಗೆ ಹಿಡಿದು ನೋಡುವವನಂತೆ ಮಾಡಿದ. ಆಮೇಲೆ ಬಲಗಡೆಯ ಮೂಲೆಯನ್ನು ಪರ್ರನೆ ಹರಿದುಬಿಟ್ಟ.

“ಅಯ್ಯ, ಹಳೇ ಕಾಗದ ನೋಡ್ರಿ,” ಎಂದ. “ಈಗ ಎಲ್ಲೈತಿ ನಿಮ್ಮ ನಂಬರು?”

ಸೈಫಅಲಿ ಒಂದು ಹೆಜ್ಜೆ ಮುಂದೆ ಬಂದ. ಉಜ್ಮಾ ಕೈ ಅಡ್ಡ ಹಿಡಿದು ಅವನನ್ನು ತಡೆದಳು. ಪರಪ್ಪನ ಮುಷ್ಟಿಯಲ್ಲಿ ೧೩೩ ಹೋಗಿತ್ತು. ಕಾಗದದ ಮೇಲೆ ಉಳಿದದ್ದು ೭೩೯೩೯. ಅವಳು ಅದನ್ನು ನೋಡಿದಳು, ನೋಡಿ ನಕ್ಕಳು. ಅಂಥ ನಗುವನ್ನು ಸಂಘಮಿತ್ರಾ ಠಾಣೆಯ ಮೂವತ್ತು ವರ್ಷದಲ್ಲಿ ಒಬ್ಬಳೇ ಒಬ್ಬ ಹೆಂಗಸಿನ ಮುಖದಲ್ಲಿ ಕಂಡಿದ್ದಳು, ಅವಳೂ ಕೇಸು ಗೆದ್ದಿದ್ದಳು.

“ಇನ್ನೂ ಹರೀರಿ,” ಎಂದಳು ಉಜ್ಮಾ.

“ಏನು?”

“ಹರೀರಿ ಅಂದೆ. ಎಪ್ಪತ್ಮೂರು ಸಾವಿರದ ಒಂಬೈನೂರಾ ಮೂವತ್ತೊಂಬತ್ತು ಉಳದೈತಿ, ಅದನ್ನೂ ಯಾರೂ ಭಾಗಿಸಾಕ ಆಗೂದಿಲ್ಲ. ಕಡೀ ಒಂಬತ್ತು ಕೀಳ್ರಿ. ೭೩೯೩. ಅದೂ ಅವಿಭಾಜ್ಯ. ಮೂರು ಕೀಳ್ರಿ, ೭೩೯. ಮತ್ತ ಕೀಳ್ರಿ, ೭೩. ಕಡೀಗೆ ಏಳು ಒಂದ ಉಳೀತೈತಿ, ಅದೂ ಅವಿಭಾಜ್ಯನ. ನೀವು ಮೊದಲ ಒಂದ ಅಂಕಿ ಹರದಿದ್ರೂ ಅಷ್ಟ, ಎರಡ ಹರದಿದ್ರೂ ಅಷ್ಟ. ಬಲಗಡಿಂದ ಎಷ್ಟ ಕಿತ್ತರೂ ಉಳದದ್ದು ಒಡಿಯೂದಿಲ್ಲ. ಅಂಥಾ ನಂಬರಿನೊಳಗ ಎಲ್ಲಾಕ್ಕಿಂತ ದೊಡ್ಡದು ಇದ. ಅದಕ್ಕ ಮಾಸ್ತರು ಪಾಳಿ ಬಿಟ್ಟು ಇದನ್ನ ನನಗ ಕೊಟ್ರು. ನೀವು ಹರದದ್ದು ಕಾಗದಾ ಅಷ್ಟ.”

ಸಂಘಮಿತ್ರಾಳಿಗೆ ಎದೆ ತುಂಬಿ ಬಂತು. ತನ್ನ ಸೇವೆಯಲ್ಲಿ ಎಷ್ಟೋ ಹೆಣ್ಣುಮಕ್ಕಳು ಇಂಥ ಮೇಜಿನ ಎದುರು ತಲೆ ತಗ್ಗಿಸಿ ಹೆಬ್ಬೆಟ್ಟು ಒತ್ತಿದ್ದನ್ನು ಅವಳೇ ಬರೆದುಕೊಂಡಿದ್ದಳು. ಇವಳೊಬ್ಬಳು ತಲೆ ಎತ್ತಿದ್ದಳು.

“ದೃಢೀಕರಿಸಿದ ನಕಲು ನನ್ನ ಚೀಲದಾಗ ಐತಿ,” ಎಂದಳು ಸಂಘಮಿತ್ರಾ ಪರಪ್ಪನಿಗೆ. “ದಸ್ತಾವೇಜು ಹರದದ್ದಕ್ಕ ಬ್ಯಾರೆ ಕಲಂ ಬೀಳತೈತಿ, ಅದು ನಿಮಗ ಪುಕ್ಕಟೆ. ಈಗ ಕಪಾಟು ತಗೀರಿ. ರಜಿಸ್ಟರ್ ಪೂರಾ ನೋಡಬೇಕು.”

ಪರಪ್ಪ ನಿಂತಲ್ಲಿಂದ ಅಲುಗಲಿಲ್ಲ. ಸಂಘಮಿತ್ರಾ ತಾನೇ ಕಪಾಟು ತೆಗೆದು, ಕೆಂಪು ಬಟ್ಟೆಯ ಹೊದಿಕೆಯ ರಜಿಸ್ಟರನ್ನು ಮೇಜಿಗೆ ತಂದಳು. ಬರೆದುಕೊಳ್ಳಲು ತನ್ನ ನೋಟ್‌ಬುಕ್ಕು ಬಿಚ್ಚಿದಳು.

“ಮೌಶಿ, ಹೆಸರು ಮುಚ್ಚರಿ,” ಎಂದಳು ಉಜ್ಮಾ. “ನಂಬರು ಅಷ್ಟ ತೋರಸ್ರಿ. ಹೆಸರು ನೋಡಿ ಲೆಕ್ಕಾ ಮಾಡಿದ್ಲು ಅಂತ ನಾಳೆ ಯಾರೂ ಅನಬಾರದು.”

ಸಂಘಮಿತ್ರಾ ಹೆಸರಿನ ಕಾಲಮ್ಮಿನ ಮೇಲೆ ಆ ಬಿಳಿ ಹಾಳೆಯನ್ನು ಇಟ್ಟಳು. ಮೊದಲ ಪುಟ. ಎಂಬತ್ತೊಂದಕ್ಕೆ ಮುಗಿಯುವುದು ಏಳರಿಂದ ಹೋಯಿತು. ಎಂಬತ್ಮೂರು ಮೂರರಿಂದ. ಎರಡೂ ಕಪ್ಪು ಜೆಲ್ ಪೆನ್ನು. ಉಜ್ಮಾಳ ದನಿ ಕೋರ್ಟಿನಲ್ಲಿ ಕೂಗುವವನ ದನಿಯಂತೆ ಸಪಾಟಾಗಿತ್ತು. ಅವಳ ಬೆರಳು ನಂಬರಿನಿಂದ ನಂಬರಿಗೆ ಇಳಿಯುತ್ತಿತ್ತು.

ಪುಟ ತಿರುಗಿತು. ನೀಲಿ ಶಾಯಿಯ ೧೦೦೦೦೧೨೧ ಮೊದಲ ಸಾಲಿನಲ್ಲಿ ಇತ್ತು. ಆದರೆ ಅದರ ಮೇಲೆ, ಅಂಚಿನ ಖಾಲಿ ಜಾಗದಲ್ಲಿ, ಇನ್ನೊಂದು ನಂಬರು ಇತ್ತು. ಶಾಯಿ ಮಾಸಿತ್ತು, ಬರೆದು ವರ್ಷಗಳೇ ಆಗಿರಬೇಕು.

“ಒಂದು ಕೋಟಿ ನೂರಾ ಏಳು,” ಎಂದು ಓದಿದಳು ಉಜ್ಮಾ. “ಒಂದು, ಒಂದು, ಏಳು. ಕೂಡಿಸಿದ್ರ ಒಂಬತ್ತು. ಒಂಬತ್ತರಿಂದ ಹೋಗತೈತಿ. ಖೋಟಾ.”

ಪರಪ್ಪ ಆಗ ನಕ್ಕ. ಬೆಣ್ಣೆ ಮತ್ತೆ ಕರಗಿತ್ತು.

“ಹೆಸರೂ ಓದ್ರಿ ಬಾಯಾರ. ಜೋರಾಗಿ ಓದ್ರಿ.”

ಸಂಘಮಿತ್ರಾ ಹಾಳೆಯನ್ನು ಸರಿಸಿದಳು. ಸರಿಸಿದ ಮೇಲೆ, ಸರಿಸಬಾರದಿತ್ತು ಅನ್ನಿಸಿತು. ಆ ಸಾಲಿನಲ್ಲಿ ಸೈಫಅಲಿಯ ಹೆಸರಿತ್ತು.

ಉಜ್ಮಾಳ ಬೆರಳು ಅಲ್ಲೇ ನಿಂತಿತು. ಬಾಗಿಲ ಬಳಿ ಅಣ್ಣನ ಕೈಯಲ್ಲಿದ್ದ ಹೆಲ್ಮೆಟ್ಟು ನೆಲಕ್ಕೆ ಇಳಿಯಿತು, ಸದ್ದಿಲ್ಲದೆ, ಅವನೇ ಬಗ್ಗಿ ಇಟ್ಟ ಹಾಗೆ.

“ನಾ ಕೆಟ್ಟಾವ ಅಲ್ರಿ,” ಎಂದ ಪರಪ್ಪ. ಬಿಳಿ ಹಾಳೆಯನ್ನು ಉಜ್ಮಾಳ ಮುಂದಕ್ಕೆ ತಳ್ಳಿದ. “ಮನಿ ಮಾತು ಮನ್ಯಾಗ ಇರಲಿ. ನೀವು ಎರಡ ಸಾಲು ಬರೀರಿ, ರಜಿಸ್ಟರ್ ಕಪಾಟಿಗೆ ಹೋಗತೈತಿ. ನಿಮ್ಮ ಅಣ್ಣನ ನೌಕರಿ ಉಳೀತೈತಿ, ಜೇಲೂ ತಪ್ಪತೈತಿ. ಇಲ್ಲಾ ಅಂದ್ರ ಮೊದಲ ಕಂಪ್ಲೇಂಟ್ ಅವರ ಮ್ಯಾಲ. ನಾಲ್ಕ ಆಗಾಕ ಇನ್ನೂ ಐದ ಮಿನಿಟ್ ಐತಿ.”

ಏನಾದರೂ ಹೇಳುವ ಹಕ್ಕು ತನಗಿಲ್ಲ ಎಂದು ಸಂಘಮಿತ್ರಾಳಿಗೆ ಗೊತ್ತಿತ್ತು. ಈ ಹುಡುಗಿ ಹಾಳೆ ಎಳೆದುಕೊಂಡು ಬರೆದರೂ ತಾನು ಅವಳನ್ನು ಬಯ್ಯಲಾರೆ ಅಂದುಕೊಂಡಳು. ಆ ಅಣ್ಣನ ಪಗಾರದಲ್ಲಿ ಉಂಡು, ಓದಿ, ಇಲ್ಲಿಯವರೆಗೆ ಬಂದವಳು ಅವಳು.

ಉಜ್ಮಾ ಅಣ್ಣನ ಕಡೆ ತಿರುಗಲಿಲ್ಲ. ತಿರುಗಿದರೆ ಆಗುವುದಿಲ್ಲ ಎಂಬಂತೆ ರಜಿಸ್ಟರನ್ನೇ ನೋಡುತ್ತಿದ್ದಳು. ಕಣ್ಣಿಂದ ಹನಿ ಉದುರಿತು, ಒರೆಸಿಕೊಳ್ಳಲಿಲ್ಲ.

“ಮೌಶಿ, ಬರಕೋರ್ರಿ,” ಎಂದಳು. “ಒಂದು ಕೋಟಿ ನೂರಾ ಏಳು. ಒಂಬತ್ತರಿಂದ ಭಾಗ ಹೋಗತೈತಿ. ಹೆಸರು ಸೈಫಅಲಿ. ನಮ್ಮ ಅಣ್ಣ.”

ಪರಪ್ಪ ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನಿಂದ ಬಾಗಿಲಿನ ಅಗಳಿ ಬಿದ್ದ ಸದ್ದಾಯಿತು. ಸೈಫಅಲಿ ಒಳಗಿನಿಂದ ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಮುಖ ಬೆಳ್ಳಗಾಗಿತ್ತು, ಆದರೆ ಕಣ್ಣು ತಂಗಿಯ ಕಣ್ಣಿನಂತೆಯೇ ನೆಟ್ಟಗಿದ್ದವು.

“ಪೂರ್ತಿ ಬರಕೋರ್ರಿ ಮೌಶಿ. ನಾ ನಾಪಾಸ್ ಆಗಿದ್ದೆ, ಅದು ಖರೆ. ಆದ್ರ ಆ ನಂಬರು ನನಗ ಕೊಟ್ಟದ್ದು ಪರಪ್ಪ ಅಲ್ಲ. ಆರು ವರ್ಷದ ಹಿಂದ ಇಂವ ಮಂಡಳಕ್ಕ ಕಾಲ ಸೈತ ಇಟ್ಟಿರಲಿಲ್ಲ.”

ಸಂಘಮಿತ್ರಾ ಪರಪ್ಪನ ಮುಖ ನೋಡಿದಳು. ಕೊಟ್ಟವರು ಯಾರೆಂದು ತಿಳಿಯದೆ ಅವನೂ ಅಷ್ಟೇ ಬೆರಗಾಗಿ ಸೈಫಅಲಿಯನ್ನು ನೋಡುತ್ತಿದ್ದ.